ಆರುನೂರ ಅರವತ್ತು ಗಂಟಿನ ಗೆಳೆತನ

ಆಗಸ್ಟ್‌ನ ಮೊದಲ ರವಿವಾರ ಹತ್ತಿರ ಬಂತೆಂದರೆ ವಿಜಯಪುರದ ಫ್ಯಾನ್ಸಿ ಅಂಗಡಿಗಳಲ್ಲಿ ರಾಖಿಗಳ ಪಕ್ಕದಲ್ಲೇ ಫ್ರೆಂಡ್‌ಶಿಪ್ ಬ್ಯಾಂಡ್‌ಗಳೂ ತೂಗಾಡತೊಡಗುತ್ತವೆ. ನೂಲ ಹುಣ್ಣಿಮೆಯೂ ಅದರ ಆಚೀಚೆಯೇ ಬರುವುದರಿಂದ ವ್ಯಾಪಾರಿಗೆ ಒಂದೇ ಮಳಿಗೆಯಲ್ಲಿ ಎರಡು ಹಬ್ಬದ ಸುಗ್ಗಿ. 1998ರ ‘ಕುಛ್ ಕುಛ್ ಹೋತಾ ಹೈ’ ಸಿನಿಮಾ ಬಂದ ಮೇಲಂತೂ ಈ ಬ್ಯಾಂಡ್ ಗೊತ್ತಿಲ್ಲದ ಕಾಲೇಜು ಉಳಿಯಲಿಲ್ಲ. ವಿಶ್ವಸಂಸ್ಥೆ 2011ರಲ್ಲಿ ಜುಲೈ 30ನ್ನು ಗೆಳೆತನದ ದಿನವೆಂದು ಸಾರಿತು. ನಮ್ಮ ಹುಡುಗರು ಮಾತ್ರ ತಮ್ಮ ರವಿವಾರವನ್ನು ಬಿಟ್ಟುಕೊಟ್ಟಿಲ್ಲ.

ಅಂಗಡಿಯ ಸ್ಯಾಟಿನ್ ಪಟ್ಟಿ, ರಬ್ಬರ್ ಬಳೆಗಳ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ದಾರದಿಂದ ಕೈಯಲ್ಲೇ ಗಂಟು ಹಾಕುತ್ತ ಹೆಣೆದ ಪಟ್ಟಿಯ ಮಾತು ಬೇರೆ. ಗ್ವಾಟೆಮಾಲಾದಂಥ ಮಧ್ಯ ಅಮೆರಿಕದ ನಾಡುಗಳ ಕೈಕೆಲಸದೊಂದಿಗೆ ಗುರುತಿಸಲಾಗುವ ಇದಕ್ಕೆ ಬೇಕಾದ ಸಾಮಾನು ನಮ್ಮ ಕಸೂತಿ ದಾರದ ಅಂಗಡಿಯಲ್ಲೇ ಸಿಗುತ್ತದೆ. ಎಂಟು ಮೀಟರಿನ, ಆರು ಎಳೆಯ ದಾರದ ಲಡಿ ನಾಲ್ಕಾರು ಬಣ್ಣದಲ್ಲಿದ್ದರೆ ಸಾಕು. ಜತೆಗೊಂದು ಸೇಫ್ಟಿ ಪಿನ್. ಪಿನ್ನನ್ನು ಚೀಲಕ್ಕೋ ದಿಂಬಿಗೋ ಚುಚ್ಚಿ, ದಾರಗಳನ್ನು ಅದಕ್ಕೆ ಕಟ್ಟಿದರೆ ಮಗ್ಗ ಸಿದ್ಧ.

ಈ ವಿದ್ಯೆ ಬಹುಮಟ್ಟಿಗೆ ನಿಂತಿರುವುದು ಒಂದೇ ಗಂಟಿನ ಮೇಲೆ. ಎಡಗಡೆಯ ದಾರವನ್ನು ಪಕ್ಕದ ದಾರದ ಮೇಲೆ 4ರ ಅಂಕಿಯಂತೆ ಹಾಯಿಸಿ, ಕೆಳಗಿನಿಂದ ತೂರಿಸಿ ಮೇಲಕ್ಕೆ ಜಗ್ಗಬೇಕು. ಅದನ್ನೇ ಮತ್ತೊಮ್ಮೆ ಮಾಡಬೇಕು. ಎರಡು ಸಲ ಬಿಗಿದರೆ ಒಂದು ಗಂಟು. ಹೊಸಬರು ಎಡವುವುದು ಇಲ್ಲಿಯೇ: ಅವಸರದಲ್ಲಿ ಒಂದೇ ಸಲ ಬಿಗಿದು ಮುಂದೆ ಹೋದರೆ ಬಣ್ಣದ ಸಾಲು ಸೊಟ್ಟಗಾಗುತ್ತದೆ, ಅಂಚು ಸುರುಳಿ ಸುತ್ತುತ್ತದೆ.

ಎಡಗಡೆಯ ದಾರವನ್ನು ಹೀಗೆ ಬಲತುದಿಯವರೆಗೂ ಗಂಟು ಹಾಕುತ್ತ ಒಯ್ದರೆ ಓರೆ ಪಟ್ಟಿ ಮೂಡುತ್ತದೆ. ಕಲಿಯುವವರು ಇಲ್ಲಿಂದಲೇ ಶುರುಮಾಡಬೇಕು. ಎರಡೂ ಅಂಚಿನಿಂದ ಒಂದೇ ಬಣ್ಣದ ದಾರಗಳನ್ನು ನಡುವಿಗೆ ತಂದು ಕೂಡಿಸಿದರೆ ಬಾಣದ ತುದಿಯಂಥ ಸಾಲುಗಳು ಬರುತ್ತವೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆಂದದ್ದು ಇದೇ. ಒಂದು ದಾರದಿಂದ ಉಳಿದೆಲ್ಲವನ್ನೂ ಒಟ್ಟಿಗೆ ಸುತ್ತಿ ಬಿಗಿಯುತ್ತ ಹೋದರೆ ಗಂಟುಗಳು ತಾವೇ ತಿರುಗಿ ಮೆಟ್ಟಿಲಿನಂತೆ ಏರುತ್ತವೆ. ಹೆಸರಿನ ಅಕ್ಷರ ಬರೆಯುವ ಪಟ್ಟಿಯೂ ಇದೆ. ಅದಕ್ಕೆ ಹಿನ್ನೆಲೆಯ ದಾರ ಬಲು ಉದ್ದ ಬೇಕು, ಅದಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಕನ್ನಡದ ಒತ್ತಕ್ಷರ, ದುಂಡು ಅಂಚುಗಳನ್ನು ಅದರಲ್ಲಿ ಕೂಡಿಸುವುದು ಸುಲಭವಲ್ಲ. ‘ಅ’ ಬರೆಯಹೋದವರು ಇಂಗ್ಲಿಷಿನ ‘A’ಗೆ ಇಳಿದುಬಿಡುವುದು ಇದೇ ಕಾರಣಕ್ಕೆ. ಕೊನೆಗೆ ಉಳಿದದ್ದು ಚೌಕ ಗಂಟು: ನಡುವೆ ಎರಡು ದಾರ ಸುಮ್ಮನಿರುತ್ತವೆ, ಬದಿಯ ಎರಡು ಅವನ್ನು ತಬ್ಬಿಕೊಳ್ಳುತ್ತವೆ. ಮಣಿಕಟ್ಟಿಗೆ ತಕ್ಕಂತೆ ಜಗ್ಗಿ ಬಿಗಿ ಮಾಡುವ ರಾಖಿಗಳಲ್ಲಿ ಈ ಗಂಟನ್ನು ನೀವು ಆಗಲೇ ಕಂಡಿರುತ್ತೀರಿ.

ಇದೆಲ್ಲ ಹೊರಗಿನ ಗೀಳು ಎಂದು ಮೂಗು ಮುರಿಯುವವರು ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಬರಬೇಕು. ತಿಕೋಟಾ ದಾರಿಯ ತೊರವಿ ಬಳಿ ಜಾನುವಾರು ಜಾತ್ರೆ ಕೂಡಿದಾಗ ಹಗ್ಗ, ಮಗಡ, ಹಣೆಪಟ್ಟಿ, ಗೊಂಡೆಗಳ ಅಂಗಡಿಗಳ ಮುಂದೆ ಸ್ವಲ್ಪ ನಿಲ್ಲಲಿ. ಎಳೆಯ ಮೇಲೆ ಎಳೆ ಹಾಯಿಸಿ, ಬಣ್ಣ ಕೂಡಿಸಿ, ಜಗ್ಗಿ ಬಿಗಿಯುವ ಕೆಲಸ ಅಲ್ಲಿಯೂ ಅದೇ. ಕಟ್ಟಿಕೊಳ್ಳುವುದು ಎತ್ತು ಅಷ್ಟೇ. ಕಾರ ಹುಣ್ಣಿಮೆಗೆ ಬಬಲೇಶ್ವರದ ಕಡೆಯ ರೈತ ತನ್ನ ಜೋಡೆತ್ತಿಗೆ ಹೊಸ ಗೊಂಡೆ ಕಟ್ಟುವುದೂ ಒಂದು ಗೆಳೆತನವೇ. ಮೊಹರಮ್ಮಿನಲ್ಲಿ ಜಾತಿ ಕೇಳದೆ ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುವ ಮಕ್ಕಳ ನಾಡಿದು. ದಾರ ಕಟ್ಟಿಸಿಕೊಂಡು ಒಬ್ಬರಿಗೊಬ್ಬರು ಬಾಂಧವರಾಗುವುದನ್ನು ಇಲ್ಲಿಯ ಜನಕ್ಕೆ ಯಾರೂ ಕಲಿಸಬೇಕಿಲ್ಲ.

ಇನ್ನು ಲಂಬಾಣಿಗರ ತಾಂಡಾಗಳು. ಕವಡೆ, ಕನ್ನಡಿ, ಗೊಂಡೆ ಕೂಡಿಸಿದ ಲಂಬಾಣಿ ಕಾಂಚಳಿಯ ಮುಂದೆ ಈ ಮಣಿಕಟ್ಟಿನ ಪಟ್ಟಿ ಎಳೆಗೂಸು. ಆದರೆ ಆ ಉಡುಪು ಈಗ ಮದುವೆ, ಹಬ್ಬಗಳಿಗೆ ಸೀಮಿತವಾಗುತ್ತಿದೆ; ದುಡಿಮೆಗಾಗಿ ಮಹಾರಾಷ್ಟ್ರ, ಗೋವಾಕ್ಕೆ ಹೋಗುವ ಮನೆಗಳಲ್ಲಿ ಸೂಜಿ ಹಿಡಿಯಲು ಹೊತ್ತೂ ಇಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ವಿಜಯಪುರದಲ್ಲಿ ಆಶಾ ಪಾಟೀಲ ಅವರು ಕಟ್ಟಿದ ‘ಬಂಜಾರ ಕಸೂತಿ’ ಸಂಸ್ಥೆ ಲಂಬಾಣಿ ಹೆಣ್ಣುಮಕ್ಕಳ ಕೈಗೆ ಕೆಲಸ ಕೊಡುತ್ತಿದೆ. ಸೀರೆ, ಕುರ್ತಾಗಳ ಜತೆಗೆ ಇಂಥ ಪಟ್ಟಿಗಳೂ ಆ ಕೈಗಳಿಂದ ಬಂದರೆ ಕಾಲೇಜಿನ ಹುಡುಗಿಯರಿಗೂ ಕೊಳ್ಳಲು ಎಟುಕುತ್ತವೆ.

ಎಟುಕುವುದು ಎಂದ ಮಾತ್ರಕ್ಕೆ ಅಗ್ಗವೆಂದಲ್ಲ. ಹನ್ನೆರಡು ದಾರದ ಬಾಣದ ಪಟ್ಟಿಯಲ್ಲಿ ಒಂದು ಸಾಲಿಗೆ 11 ಗಂಟು, ಅಂದರೆ 22 ಸಲ ಬಿಗಿಯಬೇಕು. ಮಣಿಕಟ್ಟು ಸುತ್ತಲು ಅರವತ್ತು ಸಾಲು ಹೆಣೆದರೆ 660 ಗಂಟು, 1,320 ಸಲ ಬೆರಳು ಜಗ್ಗಿದ ಲೆಕ್ಕ. ಸ್ಯಾಟಿನ್ ಪಟ್ಟಿಯ ದರಕ್ಕೆ ಇದನ್ನು ಕೊಡಿ ಎಂದು ಚೌಕಾಸಿ ಮಾಡುವುದು ಸರಿಯಲ್ಲ. ಮುಂದಿನ ಆಗಸ್ಟ್‌ಗೆ ಕೈಹೆಣಿಕೆಯ ಪಟ್ಟಿ ಕೊಳ್ಳುವವರು ಕೇಳಿದಷ್ಟು ಕೊಟ್ಟು ಕೊಳ್ಳಿ. ದುಬಾರಿ ಎನಿಸಿದರೆ ನಾಲ್ಕು ಲಡಿ ದಾರ ತಂದು ನೀವೇ ಒಂದು ಹೆಣೆದು ನೋಡಿ.