ಜನತೆಯ ನಡುವೆ ವಿಜ್ಞಾನ: ಬೆಂಗಳೂರಿನ ವೇದಿಕೆ, ಸಿರವಾರದ ಬಯಲು

ಬೆಂಗಳೂರು ಎಂದೊಡನೆ ನಮ್ಮ ಭಾಗದ ಜನರ ಕಣ್ಮುಂದೆ ಬರುವ ಚಿತ್ರಗಳು ಕೆಲವೇ. ಓದಿದವರಿಗೆ ನೌಕರಿ, ರೋಗಿಗಳಿಗೆ ದೊಡ್ಡಾಸ್ಪತ್ರೆ, ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವ ಕುಟುಂಬಗಳಿಗೆ ಕಟ್ಟಡದ ಕೆಲಸ. ಆದರೆ ಆ ಮಹಾನಗರದಲ್ಲಿ ಕಾಸಿನ ಖರ್ಚಿಲ್ಲದೆ ಯಾರಿಗಾದರೂ ದೊರೆಯುವ ಇನ್ನೊಂದು ಸಂಪತ್ತುಂಟು. ಬಲ್ಲವರು ಸಾರ್ವಜನಿಕರಿಗಾಗಿ ನೀಡುವ ವಿಜ್ಞಾನೋಪನ್ಯಾಸಗಳು ಮತ್ತು ಗಿಡ, ಹಕ್ಕಿ, ಕಲ್ಲುಗಳನ್ನು ಕಂಡು ತಿಳಿಯುವ ನಿಸರ್ಗ ಸಂಚಾರಗಳೇ ಆ ಸಂಪತ್ತು. ಅವು ಹೇಗೆ ಹುಟ್ಟಿದುವು, ಯಾವ ಬಲದಿಂದ ಬಾಳಿದುವು, ಅವುಗಳಿಂದ ನಮ್ಮ ಸಿರವಾರದಂಥ ಊರು ಏನನ್ನು ಕಲಿಯಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬುಧವಾರದ ಸಂಜೆ

1962ರಲ್ಲಿ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ಸಂಸ್ಥೆ ಜನ್ಮ ತಾಳಿತು. ಅದರ ಸ್ಥಾಪಕರು ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರೆಂಬ ಹಳ್ಳಿಯ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಅವರು ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಆದರೂ 2005ರಲ್ಲಿ ತೀರಿಕೊಳ್ಳುವವರೆಗೆ ಕಾಲೇಜಿನ ವಿದ್ಯಾರ್ಥಿ ನಿಲಯದ ಕೊಠಡಿಯೇ ಅವರ ಮನೆಯಾಗಿತ್ತು. ಖಾದಿಯ ಉಡುಗೆ, ಸರಳ ಜೀವನ, ನಿರ್ಭೀತ ಮಾತು, ಇವು ಅವರ ಆಸ್ತಿ.

ಫೋರಂನ ಕಾರ್ಯಕ್ರಮದಲ್ಲಿ ಆಡಂಬರವೆಂಬುದಿಲ್ಲ. ಬುಧವಾರ ಸಂಜೆ ಒಂದು ಉಪನ್ಯಾಸ. ಜುಲೈ ತಿಂಗಳಿನಲ್ಲಿ ವಿಜ್ಞಾನೋತ್ಸವದ ಉಪನ್ಯಾಸ ಮಾಲೆ. ಪ್ರವೇಶಕ್ಕೆ ಶುಲ್ಕವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಂಥ ಸಂಶೋಧನಾಲಯಗಳ ವಿದ್ವಾಂಸರು ಬಂದು ತಮ್ಮ ವಿಷಯವನ್ನು ಸಾಮಾನ್ಯರಿಗೆ ತಿಳಿಯುವಂತೆ ಹೇಳುತ್ತಾರೆ. ವಾರಕ್ಕೊಂದು ಉಪನ್ಯಾಸವೆಂದರೆ ವರ್ಷಕ್ಕೆ ಸುಮಾರು ಐವತ್ತು, ಹತ್ತು ವರ್ಷಕ್ಕೆ ಐನೂರು. ಹನಿಗೂಡಿ ಹಳ್ಳವೆಂಬಂತೆ ಒಂದು ನಗರದ ವೈಜ್ಞಾನಿಕ ತಿಳುವಳಿಕೆ ಬೆಳೆದುದು ಈ ಕ್ರಮದಿಂದಲೇ.

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದು ನಿಗದಿಯಾದ ದಿನ. ಇಂಥ ವಾರ ಇಂಥಲ್ಲಿ ಸಭೆಯುಂಟೆಂಬುದು ಆಹ್ವಾನಪತ್ರಿಕೆಯಿಲ್ಲದೆಯೂ ಜನರಿಗೆ ಗೊತ್ತಿರಬೇಕು. ಎರಡನೆಯದು ತೆರೆದ ಬಾಗಿಲು. ವಿದ್ಯಾರ್ಥಿಯೂ ನಿವೃತ್ತ ಗುಮಾಸ್ತನೂ ಒಂದೇ ಸಾಲಿನಲ್ಲಿ ಕುಳಿತುಕೊಳ್ಳಬೇಕು. ಮೂರನೆಯದೂ ಮುಖ್ಯವಾದುದೂ ಉಪನ್ಯಾಸದ ಅನಂತರದ ಪ್ರಶ್ನೆ. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ನರಸಿಂಹಯ್ಯನವರು ಜೀವಮಾನವಿಡೀ ಸಾರಿದ ತತ್ತ್ವ. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ವಿಶ್ವವಿದ್ಯಾಲಯದ ವತಿಯಿಂದ ಅವರು ಸಮಿತಿಯೊಂದನ್ನು ರಚಿಸಿದುದೂ ಈ ತತ್ತ್ವದ ಆಚರಣೆಯೇ.

ಈ ಪರಂಪರೆಗೆ ಮುಂದೆ ಬೇರೆ ಶಾಖೆಗಳು ಒಡೆದುವು. 1978ರಲ್ಲಿ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಆರಂಭವಾಯಿತು. 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ನಡೆಸಿಕೊಂಡು ಬಂದು, ಕನ್ನಡದ ಮೂಲಕ ವಿಜ್ಞಾನವನ್ನು ಜಿಲ್ಲೆಗಳಿಗೆ ಒಯ್ಯಿತು. 1989ರಲ್ಲಿ ಜವಾಹರಲಾಲ್ ನೆಹರು ತಾರಾಲಯ ಪ್ರಾರಂಭವಾಯಿತು. ಅದರ ಸ್ಥಾಪಕ ನಿರ್ದೇಶಕರಾದ ಸಿ.ವಿ. ವಿಶ್ವೇಶ್ವರ ಅವರು ಕೃಷ್ಣವಿವರಗಳ ಕುರಿತು 1970ರಲ್ಲಿಯೇ ಮೂಲಭೂತ ಸಂಶೋಧನೆ ಮಾಡಿದ್ದ ಜಗದ್ವಿಖ್ಯಾತ ವಿಜ್ಞಾನಿಗಳು. ಅಂಥವರು ಶಾಲಾ ಮಕ್ಕಳಿಗೆ ನಕ್ಷತ್ರಗಳನ್ನು ತೋರಿಸುವ ಕೆಲಸವನ್ನು ಕಿರಿದೆಂದು ಭಾವಿಸಲಿಲ್ಲ.

ಬಂಡೆಯೂ ಹಕ್ಕಿಯೂ

ನ್ಯಾಷನಲ್ ಕಾಲೇಜಿನಿಂದ ಅನತಿದೂರದಲ್ಲಿಯೇ ಲಾಲ್‌ಬಾಗ್ ಇದೆ. ಹೈದರಾಲಿಯ ಕಾಲದಲ್ಲಿ ಆರಂಭವಾದ ಈ ತೋಟಕ್ಕೆ ಜನರು ಹೂವಿನ ಪ್ರದರ್ಶನಕ್ಕಾಗಿ ಹೋಗುವುದು ಸರ್ವವಿದಿತ. ಆದರೆ ಅದು ತೆರೆದ ಪಾಠಶಾಲೆಯೂ ಹೌದು. ಕೆಂಪೇಗೌಡರ ಗೋಪುರ ನಿಂತಿರುವ ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದ ನೈಸ್ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅದೇ ತೋಟದಲ್ಲಿ 1970ರ ದಶಕದಿಂದ ಪಕ್ಷಿವೀಕ್ಷಕರು ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಕೂಡಿ ಹಕ್ಕಿಗಳನ್ನು ಗುರುತಿಸಿ ದಾಖಲಿಸುವ ರೂಢಿಯನ್ನು ಬೆಳೆಸಿದರು. ಹೊಸಬನ ಪಕ್ಕದಲ್ಲಿ ಬಲ್ಲವನೊಬ್ಬ ನಡೆಯುತ್ತಾನೆ. ಕೊಂಬೆಯ ಕಡೆ ಬೆರಳು ತೋರುತ್ತಾನೆ. ಅದುವರೆಗೆ ಬರಿಯ ‘ಹಕ್ಕಿ’ಯಾಗಿದ್ದುದಕ್ಕೆ ಹೆಸರು, ಆಹಾರ, ನಡವಳಿಕೆಗಳು ಕೂಡಿಕೊಳ್ಳುತ್ತವೆ.

ಕನ್ನಡ ಸಾಹಿತ್ಯಕ್ಕೆ ಈ ಸಂಚಾರದ ರುಚಿಯನ್ನು ಹತ್ತಿಸಿದವರು ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು. ವಿದ್ಯಾರ್ಥಿಗಳೊಡನೆ ಕಾಡುಮೇಡು ಅಲೆದ ಅನುಭವವನ್ನು ನಗೆಯೊಡನೆ ಬೆರೆಸಿ ಅವರು ಬರೆದ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕೊಠಡಿಯ ಪಾಠ ಬಯಲಿಗೆ ಬಂದಾಗ ಅದು ಜೀವನದ ಸಂತೋಷವೇ ಆಗುತ್ತದೆಂಬುದಕ್ಕೆ ಅದೊಂದು ನಿದರ್ಶನ.

ಒಂದು ಗ್ರಹಣದ ನೆನಪು

ಇವೆಲ್ಲ ಮಹಾನಗರದ ಭಾಗ್ಯ, ನಮಗೆಲ್ಲಿಯದು ಎಂದು ವಾಚಕರು ಕೇಳಬಹುದು. ಆದರೆ ಒಮ್ಮೆ ವಿಜ್ಞಾನವೇ ನಮ್ಮ ಸೀಮೆಯನ್ನು ಹುಡುಕಿಕೊಂಡು ಬಂದಿತ್ತೆಂಬುದನ್ನು ಹಿರಿಯರು ಮರೆತಿರಲಾರರು. 1980ರ ಫೆಬ್ರವರಿ 16ರಂದು ಅಪರಾಹ್ನ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ನಾಡನ್ನು ಪ್ರವೇಶಿಸಿ, ರಾಯಚೂರು ಸೀಮೆಯ ಮೇಲೆ ಹಾದು ತೆಲುಗು ನಾಡಿನತ್ತ ಸಾಗಿತು. ಖಗೋಳ ವಿಜ್ಞಾನಿಗಳು ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಉಪಕರಣಗಳೊಡನೆ ಬೀಡುಬಿಟ್ಟಿದ್ದರು. ಎರಡು ನಿಮಿಷಕ್ಕೂ ತುಸು ಮೀರಿದ ಆ ಕತ್ತಲೆಯಲ್ಲಿ ಸೂರ್ಯನ ಸುತ್ತಣ ಪ್ರಭಾವಲಯವನ್ನು ಅಭ್ಯಸಿಸಬಹುದೆಂಬುದೇ ಅವರ ಕಾತರ. ಅದೇ ಹೊತ್ತಿನಲ್ಲಿ ನಮ್ಮಲ್ಲಿ ಅನೇಕರು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬ ಎಚ್ಚರಿಕೆ ಸರಿಯೇ. ಆದರೆ ಅಂದು ಬಾಗಿಲು ಮುಚ್ಚಿಸಿದುದು ಬಹುಮಟ್ಟಿಗೆ ಆ ಎಚ್ಚರಿಕೆಯಲ್ಲ, ಅನಿಷ್ಟದ ಭೀತಿ. ಜನ್ಮದಲ್ಲಿ ಒಮ್ಮೆ ಮನೆಯಂಗಳಕ್ಕೆ ಬಂದ ದೃಶ್ಯವನ್ನು ನಾವು ಕಾಣದೆ ಕಳೆದುಕೊಂಡೆವು.

ತಿಥಿ, ವಾರ, ಮುಹೂರ್ತಗಳ ಭಯವನ್ನು ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದ ಶರಣರ ಸಂತತಿಯೆಂದು ಹೇಳಿಕೊಳ್ಳುವ ನಮಗೆ ಇದು ಆತ್ಮಶೋಧನೆಯ ವಿಷಯ. ಅನುಭವ ಮಂಟಪವಾದರೂ ಏನು? ಅಲ್ಲಮಪ್ರಭುವಿನ ಅಧ್ಯಕ್ಷತೆಯಲ್ಲಿ ನಾನಾ ಕಾಯಕದ ಸ್ತ್ರೀಪುರುಷರು ಕೂಡಿ ಕೇಳಿದ, ಕೆಣಕಿದ, ಉತ್ತರ ಪಡೆದ ಸ್ಥಳವಲ್ಲವೆ? ಆದುದರಿಂದ ಮಠದ ಆಶ್ರಯದ ಶಾಲೆಯಲ್ಲಿ ಮಗು ಎದ್ದು ನಿಂತು ಪ್ರಶ್ನೆ ಕೇಳಿದರೆ ಅದು ಗುರುವಿಗೆ ತೋರಿದ ಅವಿಧೇಯತೆಯಲ್ಲ. ನಮ್ಮ ಪರಂಪರೆಗೆ ಸಲ್ಲಿಸಿದ ಗೌರವ.

ನಮ್ಮ ಅಂಗಳದ ಕೋಲು

ಇನ್ನು ಸಾಮಗ್ರಿಯ ಮಾತು. ಒಂದು ಮೀಟರ್ ಉದ್ದದ ಕೋಲು, ಗಾರೆ ಕೆಲಸದವರ ತೂಗುಗುಂಡು, ಒಂದು ಗಡಿಯಾರ, ಒಂದು ಅಳತೆಪಟ್ಟಿ ಇಷ್ಟಿದ್ದರೆ ಸಿರವಾರದ ಮಕ್ಕಳು ಭೂಮಿಯ ಸುತ್ತಳತೆಯನ್ನೇ ಕಂಡುಹಿಡಿಯಬಹುದು.

ಸಿರವಾರ ಸುಮಾರು 16.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೆಂಗಳೂರು ಸುಮಾರು 13 ಡಿಗ್ರಿಯಲ್ಲಿ. ಸೂರ್ಯನು ವರ್ಷಕ್ಕೆರಡು ಸಲ ನಮ್ಮ ನಡುನೆತ್ತಿಗೆ ಬರುತ್ತಾನೆ, ಮೇ 5ರ ಸುಮಾರಿಗೊಮ್ಮೆ, ಆಗಸ್ಟ್ 7ರ ಸುಮಾರಿಗೊಮ್ಮೆ. ಆ ದಿನ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಇವೆರಡರ ನಡುವಣ ದಿನಗಳಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ಕಾಲದಲ್ಲಿ ಉತ್ತರಕ್ಕೆ. ಬೆಂಗಳೂರಿಗೆ ನೆರಳಿಲ್ಲದ ದಿನಗಳು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬರುತ್ತವೆ. ಏಪ್ರಿಲ್, ಮೇ ತಿಂಗಳುಗಳು ಬೇಸಗೆ ರಜೆಯವಾದುದರಿಂದ ಆಗಸ್ಟ್ 18ನ್ನೇ ಆರಿಸಿಕೊಳ್ಳೋಣ. ಅಂದು ಮಧ್ಯಾಹ್ನ ಹನ್ನೆರಡೂವರೆಗೆ ತುಸು ಮುಂಚೆ ಬೆಂಗಳೂರಿನ ಕೋಲಿಗೆ ನೆರಳಿರದು. ಸಿರವಾರದ ಒಂದು ಮೀಟರ್ ಕೋಲಿಗೆ ಸುಮಾರು ಐದೂವರೆ ಸೆಂಟಿಮೀಟರ್ ನೆರಳು ಉತ್ತರಕ್ಕೆ ಬೀಳುತ್ತದೆ. ಲೆಕ್ಕ ಹಾಕಿದರೆ ಅದು 3.2 ಡಿಗ್ರಿಯ ಕೋನ. ಎರಡು ಊರುಗಳ ನಡುವೆ ನೇರ ಉತ್ತರ-ದಕ್ಷಿಣವಾಗಿ ಇರುವ ಅಂತರ, ಅಂದರೆ ಬಸ್ಸಿನ ದಾರಿಯಲ್ಲ, ನಕ್ಷೆಯಲ್ಲಿ ಅಳೆದ ಅಂತರ, ಸುಮಾರು 355 ಕಿಲೋಮೀಟರ್. 3.2 ಡಿಗ್ರಿಗೆ 355 ಆದರೆ 360 ಡಿಗ್ರಿಗೆ ಎಷ್ಟು? ಹತ್ತಿರ ಹತ್ತಿರ 40,000 ಕಿಲೋಮೀಟರ್. ಇದೇ ಭೂಮಿಯ ಸುತ್ತಳತೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಎರಡು ಊರುಗಳನ್ನು ಆಧರಿಸಿ ಎರಟೋಸ್ತನೀಸ್ ಎಂಬ ವಿದ್ವಾಂಸ ಮಾಡಿದ ಲೆಕ್ಕವೂ ಇದೇ ಬಗೆಯದು.

ಅಳೆಯುವ ಮಗುವಿಗೆ ಇಲ್ಲಿ ಇನ್ನೊಂದು ಪಾಠವೂ ಕಾದಿದೆ. ಸೂರ್ಯ ಬಿಂದುವಲ್ಲ, ಬಿಂಬ. ಆದ್ದರಿಂದ ನೆರಳಿನ ತುದಿ ಮಸುಕಾಗಿರುತ್ತದೆ. ಅರ್ಧ ಸೆಂಟಿಮೀಟರ್ ತಪ್ಪಿದರೂ ಉತ್ತರದಲ್ಲಿ ಹನ್ನೊಂದರಲ್ಲಿ ಒಂದು ಪಾಲು ತಪ್ಪು ಬರುತ್ತದೆ. ಮೋಡ ಕವಿದರೆ ಅಂದಿನ ಪ್ರಯತ್ನವೇ ವ್ಯರ್ಥ. ಆಗ ಕೆಲವು ದಿನ ಮೊದಲೂ ಅನಂತರವೂ ಎರಡೂ ಊರುಗಳಲ್ಲಿ ಒಂದೇ ದಿನ ಅಳೆದು ಕೋನಗಳ ವ್ಯತ್ಯಾಸವನ್ನು ತೆಗೆಯಬೇಕು. ತಪ್ಪನ್ನು ಮುಚ್ಚಿಡದೆ ಅದು ಎಷ್ಟೆಂದು ಹೇಳುವುದೇ ವಿಜ್ಞಾನದ ಪ್ರಾಮಾಣಿಕತೆ. ಬೆಂಗಳೂರಿನಲ್ಲಿ ಅಳೆಯುವವರು ಯಾರು? ನಮ್ಮ ಹಳೆಯ ವಿದ್ಯಾರ್ಥಿಗಳು ಅಲ್ಲಿ ಇದ್ದೇ ಇದ್ದಾರೆ. ಗುಳೆ ಹೋದ ತಂದೆ ಅಲ್ಲಿ ಗೋಡೆ ಏರಿಸಲು ಬಳಸುವ ತೂಗುಗುಂಡೇ ಇಲ್ಲಿ ಮಗನ ಕೋಲನ್ನು ನೆಟ್ಟಗೆ ನಿಲ್ಲಿಸುವ ಉಪಕರಣ.

ಎರೆಭೂಮಿಯ ಪಾಠ

ನಿಸರ್ಗ ಸಂಚಾರಕ್ಕೂ ನಾವು ಲಾಲ್‌ಬಾಗಿಗೇ ಹೋಗಬೇಕಾದುದಿಲ್ಲ. ನಮ್ಮ ಜಿಲ್ಲೆಯ ಗುಡ್ಡಗಳ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಹಟ್ಟಿಯಲ್ಲಿ ಚಿನ್ನ ತೆಗೆಯುವ ಶಿಲಾಪಟ್ಟಿ ನಮ್ಮ ನೆರೆಯಲ್ಲೇ ಇದೆ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ಗುರುತಿಸಿದವನು ಬೀಡನ್ ಎಂಬ ಗಣಿ ಎಂಜಿನಿಯರ್. ಕಲ್ಲನ್ನು ಗಮನವಿಟ್ಟು ನೋಡುವ ಕಣ್ಣಿಗೆ ಚರಿತ್ರೆಯೂ ಕಂಡಿತು.

ಬೇಸಗೆಯಲ್ಲಿ ನಮ್ಮ ಎರೆಭೂಮಿ ಏಕೆ ಬಾಯಿಬಿಡುತ್ತದೆ? ಅದರ ಜೇಡಿ ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಕಾಲುವೆಯ ನೀರುಂಡ ಹೊಲಗಳಲ್ಲಿ ಕೆಲವು ಏಕೆ ಸವಳಾಗುತ್ತವೆ? ನೀರು ಬಸಿದು ಹೋಗದೆ ನಿಂತರೆ ಅಂತರ್ಜಲ ಮೇಲೇರುತ್ತದೆ. ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮೇಲೆ ಬಂದು ಆವಿಯಾಗಿ, ಅದರಲ್ಲಿದ್ದ ಉಪ್ಪನ್ನು ನೆಲದ ಮೇಲೆ ಬಿಟ್ಟುಹೋಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ರೈತನ ಮಗುವಿಗೆ ಇದು ಪರೀಕ್ಷೆಯ ಪ್ರಶ್ನೆಯಲ್ಲ, ಮನೆಯ ಅನ್ನದ ಪ್ರಶ್ನೆ. ಗದ್ದೆಯಲ್ಲಿ ಉಳುಮೆಯ ಹಿಂದೆ ನಡೆಯುವ ಬೆಳ್ಳಕ್ಕಿಗಳು ಎದ್ದ ಹುಳುಗಳನ್ನು ಹಿಡಿಯುತ್ತವೆ; ತಂತಿಯ ಮೇಲೆ ಕುಳಿತ ನೀಲಕಂಠ ನಮ್ಮ ನಾಡಿನ ರಾಜ್ಯಪಕ್ಷಿ; ಬಾವಿಯ ಮೇಲೆ ಬಾಗಿದ ಜಾಲಿಗೆ ಗೂಡು ನೇಯುವುದು ಗಂಡು ಗೀಜಗ. ಇಷ್ಟನ್ನು ಒಂದು ಬೆಳಗಿನಲ್ಲಿ ತೋರಿಸಬಹುದು.

ಆಗಬೇಕಾದುದು

1928ರಲ್ಲಿ ರಾಮನ್ ಪರಿಣಾಮ ಪ್ರಕಟವಾದ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವೆಂದು ಎಲ್ಲೆಡೆ ಆಚರಿಸುತ್ತೇವೆ. ಸಂತೋಷ. ಆದರೆ ವರ್ಷಕ್ಕೊಂದು ದಿನದ ಹಬ್ಬದಿಂದ ಅಭ್ಯಾಸ ಬೆಳೆಯದು. ತಿಂಗಳಿಗೊಂದು ನಿಗದಿಯಾದ ಸಂಜೆ ಶಾಲೆಯ ಪ್ರಾಂಗಣದಲ್ಲಿ ಉಪನ್ಯಾಸ, ತಿಂಗಳಿಗೊಂದು ಬೆಳಗ್ಗೆ ಬಯಲಿನ ಸಂಚಾರ ನಡೆಯಲಿ. ವರ್ಷಕ್ಕೆ ಹತ್ತು ಉಪನ್ಯಾಸಗಳೆಂದರೂ ಎಂಟನೆಯ ತರಗತಿಗೆ ಸೇರಿದ ಮಗು ಹತ್ತನೆಯದನ್ನು ಮುಗಿಸುವಷ್ಟರಲ್ಲಿ ಮೂವತ್ತನ್ನು ಕೇಳಿರುತ್ತದೆ.

ಉಪನ್ಯಾಸಕರಿಗೆ ಕೊರತೆಯಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವಿದೆ, ಶಕ್ತಿನಗರದ ವಿದ್ಯುತ್ ಸ್ಥಾವರವಿದೆ, ಹಟ್ಟಿಯ ಗಣಿಯಿದೆ. ಎಲ್ಲಕ್ಕೂ ಮಿಗಿಲಾಗಿ ನಮ್ಮ ಹಳೆಯ ವಿದ್ಯಾರ್ಥಿಗಳಿದ್ದಾರೆ. ದಾದಿಯಾಗಲಿ, ಲೈನ್‌ಮನ್ ಆಗಲಿ, ಎಂಜಿನಿಯರ್ ಆಗಲಿ, ತಮ್ಮ ಕಾಯಕದೊಳಗಣ ವಿಜ್ಞಾನವನ್ನು ನಮ್ಮ ಮಾತಿನಲ್ಲಿ ಒಂದು ಗಂಟೆ ಹೇಳಿದರೆ ಸಾಕು. ಅನಂತರದ ಅರ್ಧ ಗಂಟೆ ಮಕ್ಕಳದು. ಹಿರಿಯರು ಆಗ ಕೇಳುವವರಾಗಬೇಕು.

ದಾನಿಗಳಲ್ಲಿ ಒಂದು ವಿನಂತಿ. ಕೊಠಡಿಗಳನ್ನು ಕಟ್ಟಿಸಿಕೊಟ್ಟ ತಮ್ಮ ಔದಾರ್ಯವನ್ನು ಶಾಲೆ ಎಂದಿಗೂ ಮರೆಯದು. ಅದರೊಡನೆ ಒಂದು ಚಿಕ್ಕ ದೂರದರ್ಶಕ, ಎರಡು ದುರ್ಬೀನು, ವರ್ಷಕ್ಕೊಮ್ಮೆ 1984ರಲ್ಲಿ ಆರಂಭವಾದ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗಿಬರುವ ಬಸ್ಸಿನ ವೆಚ್ಚ ದೊರೆತರೆ ಅದೂ ಜ್ಞಾನದಾಸೋಹವೇ. ಗೆಲಿಲಿಯೋ 1610ರಲ್ಲಿ ಕಂಡ ಗುರುಗ್ರಹದ ನಾಲ್ಕು ಚಂದ್ರರನ್ನು ಚಿಕ್ಕ ದೂರದರ್ಶಕದಲ್ಲಿಯೇ ಕಾಣಬಹುದು; ಅದಕ್ಕೆ ನಮ್ಮೂರ ಇರುಳು ನಗರದ ಇರುಳಿಗಿಂತ ಅನುಕೂಲ.

2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಸೂರ್ಯಗ್ರಹಣ ಹಾದುಹೋಗಲಿದೆ. ನಮ್ಮಲ್ಲಿ ಅದು ಪಾರ್ಶ್ವಗ್ರಹಣವಾಗಿ ಕಾಣುವುದು. ಆ ದಿನ ಬೇವಿನ ಮರದಡಿಯ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳುತ್ತವೆ. ಸೂಜಿಯಿಂದ ರಂಧ್ರ ಮಾಡಿದ ರಟ್ಟಿನ ಮೂಲಕ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ಯಾವ ಅಪಾಯವೂ ಇಲ್ಲದೆ ನೋಡಬಹುದು. ಅಂದು ಸಿರವಾರದ ಮನೆಗಳ ಬಾಗಿಲುಗಳು ತೆರೆದಿರಲಿ, ಅಂಗಳಗಳು ಮಕ್ಕಳಿಂದ ತುಂಬಿರಲಿ. ಅದಕ್ಕೆ ಸಿದ್ಧತೆ ಈ ವರ್ಷದ ಮೊದಲ ಉಪನ್ಯಾಸದಿಂದಲೇ ಆರಂಭವಾಗಲೆಂದು ಆಶಿಸೋಣ.