‘ಸಿಹಿಸುದ್ದಿ ಯಾವಾಗ?’ ಎಂದು ಕೇಳುವ ಮುನ್ನ

‘ಮದುವೆಯಾಗಿ ಮೂರು ವರ್ಷ ಆಯ್ತಲ್ಲಮ್ಮಾ, ಸಿಹಿಸುದ್ದಿ ಯಾವಾಗ?’ ಎಂದು ನಾನೂ ಸೊಸೆಯನ್ನು ಕೇಳಿದ್ದೆ. ಅವಳು ನಕ್ಕು, ‘ಅತ್ತೆ, ಮಗು ಆದ್ಮೇಲೆ ಆಫೀಸಿಗೆ ರಜೆ ಹಾಕೋದು ಯಾರು? ನಾನಾ, ನಿಮ್ಮ ಮಗನಾ?’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಮೊನ್ನೆ ದಕ್ಷಿಣ ಕೊರಿಯಾದ ಬಗ್ಗೆ ಓದುವಾಗ ಅದೇ ಪ್ರಶ್ನೆ ಮತ್ತೆ ಎದುರಾಯಿತು.

1960ರಲ್ಲಿ ಅಲ್ಲಿ ಒಬ್ಬ ಮಹಿಳೆಗೆ ಸರಾಸರಿ ಆರು ಮಕ್ಕಳು. 1980ರ ದಶಕದಲ್ಲಿ ‘ಎರಡೂ ಹೆಚ್ಚೇ’ ಎಂದು ಸರ್ಕಾರವೇ ಪ್ರಚಾರ ಮಾಡಿತ್ತು. 2023ರ ಹೊತ್ತಿಗೆ ಆ ಸರಾಸರಿ 0.72ಕ್ಕೆ ಇಳಿದಿತ್ತು! ಜನಸಂಖ್ಯೆ ಕುಗ್ಗದೆ ಉಳಿಯಲು ಸುಮಾರು 2.1 ಬೇಕು.

ಬಡತನವಿದ್ದಾಗ ಮಕ್ಕಳೆಂದರೆ ಹೊಲಕ್ಕೆ ಆಳು, ಮುಪ್ಪಿಗೆ ಆಸರೆ. ಹುಟ್ಟಿದವೆಲ್ಲ ಉಳಿಯುತ್ತವೆಂಬ ಭರವಸೆಯೂ ಇರಲಿಲ್ಲ. ದೇಶ ಸಿರಿವಂತವಾದಂತೆ ಶಿಶುಮರಣ ತಗ್ಗಿತು, ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಹೋದರು, ಮಗು ಸಾಕುವ ಖರ್ಚು ಏರಿತು. ಕೊರಿಯಾದ ಮಕ್ಕಳು ಶಾಲೆ ಮುಗಿಸಿ ‘ಹಗ್ವೊನ್’ ಎಂಬ ಟ್ಯೂಷನ್‌ಗೆ ಹೋಗಿ ರಾತ್ರಿ ಮನೆ ಸೇರುತ್ತಾರೆ. ಸಿಯೋಲ್‌ನಲ್ಲಿ ಮನೆ ಕೊಳ್ಳುವುದಂತೂ ಗಗನಕುಸುಮ.

ಆದರೆ ದುಡ್ಡೊಂದೇ ಕಾರಣವಲ್ಲ. ಗಂಡು ಹೆಣ್ಣಿನ ಸಂಬಳದ ಅಂತರ ಒಇಸಿಡಿ ದೇಶಗಳಲ್ಲೇ ಅಲ್ಲಿ ಅತಿ ಹೆಚ್ಚು. ಮನೆಗೆಲಸದ ಬಹುಪಾಲೂ ಹೆಂಗಸರದ್ದೇ. ಹೆಣ್ಣುಮಕ್ಕಳ ಓದು ಮುಂದೆ ಹೋಯ್ತು, ಅಡುಗೆಮನೆ ಮಾತ್ರ ಇದ್ದಲ್ಲೇ ಇದೆ. ಹಾಗಾಗಿ ಮದುವೆಯೇ ಬೇಡ ಅನ್ನೋ ಹುಡುಗಿಯರು ಹೆಚ್ಚಿದ್ದಾರೆ.

ಸ್ವೀಡನ್ ಬೇರೆ ದಾರಿ ಹಿಡಿಯಿತು. 1974ರಲ್ಲೇ ಮಗು ನೋಡಿಕೊಳ್ಳುವ ರಜೆಯನ್ನು ಅಪ್ಪನಿಗೂ ಕೊಟ್ಟಿತು. ಈಗ ಇಬ್ಬರಿಗೂ ಸೇರಿ 480 ದಿನ. ಅದರಲ್ಲಿ ಅಪ್ಪನ ಪಾಲಿನ 90 ದಿನಗಳನ್ನು ಅಮ್ಮನಿಗೆ ದಾಟಿಸುವಂತಿಲ್ಲ. ಅಭಿವೃದ್ಧಿ ಬಹಳ ಎತ್ತರಕ್ಕೇರಿದರೆ ಜನನ ಪ್ರಮಾಣ ಮತ್ತೆ ಏರಬಹುದು ಎಂದು 2009ರಲ್ಲಿ ‘ನೇಚರ್’ ಪತ್ರಿಕೆಯ ಒಂದು ಅಧ್ಯಯನ ಆಸೆ ಹುಟ್ಟಿಸಿತ್ತು. ಆಮೇಲೆ ಸ್ವೀಡನ್‌ನಲ್ಲೂ ಇಳಿಕೆಯಾಗಿ 2023ರಲ್ಲಿ 1.45ಕ್ಕೆ ಬಂತು. ಅಂದರೆ ರಜೆ ಕೊಟ್ಟ ಮಾತ್ರಕ್ಕೆ ತೊಟ್ಟಿಲು ತುಂಬುವುದಿಲ್ಲ. ಆದರೂ ಅದು ಕೊರಿಯಾದ ಎರಡರಷ್ಟು ಎಂಬುದನ್ನು ಮರೆಯುವಂತಿಲ್ಲ.

ಇದು ದೂರದ ಕಥೆ ಅಂದ್ಕೋಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ ಸರಾಸರಿಯೂ 1.7. ಕೊರಿಯಾದಷ್ಟು ಸಿರಿವಂತರಾಗುವ ಮೊದಲೇ ನಾವೂ ಅದೇ ಹಾದಿ ಹಿಡಿದಿದ್ದೇವೆ.

ಸೊಸೆಗೆ ಆ ಪ್ರಶ್ನೆ ಕೇಳೋದನ್ನು ಬಿಟ್ಟಿದ್ದೇನೆ. ಮಗು ಬೇಕೋ ಬೇಡವೋ, ಅದು ಅವರಿಬ್ಬರಿಗೆ ಬಿಟ್ಟದ್ದು. ಆದರೆ ಮೊನ್ನೆ ಊಟಕ್ಕೆ ಕೂತಾಗ ಮಗನನ್ನು ಕೇಳಿದೆ: ‘ನೀನು ರಜೆ ಹಾಕ್ತೀಯೇನೋ?’

ಅವನಿನ್ನೂ ಉತ್ತರ ಕೊಟ್ಟಿಲ್ಲ. ತಟ್ಟೆಯನ್ನಂತೂ ಅವತ್ತು ತಾನೇ ತೊಳೆದಿಟ್ಟ.