‘ಡಸ್’ ಬಂದಾಗ ‘ಎಸ್’ ಎಲ್ಲಿ ಹೋಯಿತು?

‘ಅವ ದಿನಾ ಸಾಲಿಗಿ ಬರ್ತಾನೇನ್?’ ಎಂಬ ಸಾದಾ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಲು ಹೇಳಿದರೆ ಅಫಜಲಪುರ ತಾಲ್ಲೂಕಿನ ಕನ್ನಡ ಶಾಲೆಯ ಹುಡುಗ ‘ಹಿ ಕಮ್ಸ್ ಟು ಸ್ಕೂಲ್ ಡೈಲಿ?’ ಎಂದು ಬರೆಯುವ ಸಂಭವವೇ ಹೆಚ್ಚು. ಸ್ವಲ್ಪ ವ್ಯಾಕರಣ ಉರು ಹೊಡೆದವನಾದರೆ ‘ಡಸ್ ಹಿ ಕಮ್ಸ್?’ ಎಂದಾನು. ಎರಡಕ್ಕೂ ಕೆಂಪು ಗೆರೆ ಬೀಳುತ್ತದೆ. ಆದರೆ ಇವೆರಡೂ ದಡ್ಡತನದ ತಪ್ಪುಗಳಲ್ಲ. ಕನ್ನಡದಲ್ಲಿ ಪ್ರಶ್ನೆ ಕೇಳಲು ವಾಕ್ಯದ ಕೊನೆಗೆ ‘ಏನ್’ ಅಥವಾ ‘ಆ’ ಅಂಟಿಸಿದರೆ ಮುಗಿಯಿತು. ಉಳಿದ ಯಾವ ಪದವೂ ಜಾಗ ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ತನಗೆಂದು ಅರ್ಥವೇ ಇಲ್ಲದ ‘ಡು’ ಎಂಬುದೊಂದು ಮುಂದೆ ಬಂದು ನಿಲ್ಲಬೇಕು, ‘ಕಮ್ಸ್’ನ ಬಾಲದ ‘ಎಸ್’ ಅನ್ನು ತಾನು ಹೊತ್ತು ‘ಡಸ್’ ಆಗಬೇಕು, ‘ಕಮ್’ ಬರಿಗೈಯಲ್ಲಿ ಉಳಿಯಬೇಕು. ಇಂಗ್ಲೆಂಡಿನಲ್ಲೇ ಈ ಪದ್ಧತಿ ಗಟ್ಟಿಯಾಗಿ ಬೇರೂರಿದ್ದು 16-17ನೇ ಶತಮಾನಗಳಲ್ಲಿ ಎಂದ ಮೇಲೆ ಹುಡುಗನನ್ನು ಬೈದು ಫಲವೇನು?

ರಾಜ್ಯದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ಆರಂಭವಾದದ್ದು 2007-08ರಲ್ಲಿ. ಅದಕ್ಕೆ ಮುಂಚೆ ಐದನೇ ತರಗತಿಗೆ ಬರುವವರೆಗೆ ಎಬಿಸಿಡಿಯ ಗೋಜು ಇರಲಿಲ್ಲ. ಹತ್ತು ವರ್ಷ ಕಲಿತರೂ ಒಂದು ಅರ್ಜಿ ಬರೆಯಲು ಪರದಾಡುವ ಮಕ್ಕಳಿದ್ದಾರೆ. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಅದಕ್ಕೆಲ್ಲ ಇಂಗ್ಲಿಷೇ ಕಾರಣವೆಂದಲ್ಲ. ಆದರೆ ಕಾಲೇಜು, ನೌಕರಿ ಎಂದು ಊರು ಬಿಟ್ಟ ದಿನವೇ ಮಕ್ಕಳಿಗೆ ಮೊದಲು ಎದುರಾಗುವ ಗೋಡೆ ಅದು.

ಈ ಸೀಮೆಯ ಚರಿತ್ರೆಯೂ ಬೇರೆ. ಹಳೆ ಮೈಸೂರಿನಲ್ಲಿ, ಮುಂಬೈ ಪ್ರಾಂತದಲ್ಲಿದ್ದ ಧಾರವಾಡದಲ್ಲಿ ಇಂಗ್ಲಿಷ್ ಶಾಲೆಗಳು 19ನೇ ಶತಮಾನದಲ್ಲೇ ಬೇರು ಬಿಟ್ಟಿದ್ದವು. ಅಫಜಲಪುರ, ಆಳಂದ, ಜೇವರ್ಗಿಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಪದವಿ ಪಾಠವನ್ನೂ ಉರ್ದುವಿನಲ್ಲೇ ನಡೆಸಿತು. ಹೀಗಾಗಿ ಮನೆಯಲ್ಲಿ ಅಜ್ಜನಿಗೆ ಉರ್ದು ಬಂದೀತು, ಗಡಿಯಾಚೆ ಅಕ್ಕಲಕೋಟ, ಸೊಲ್ಲಾಪುರಗಳ ನಂಟಿನಿಂದ ಮರಾಠಿಯೂ ಬಂದೀತು; ಇಂಗ್ಲಿಷಿನ ಸಂಶಯ ಕೇಳಲು ಮಾತ್ರ ಯಾರೂ ಸಿಗಲಿಕ್ಕಿಲ್ಲ.

ಆಗ ಉಳಿಯುವುದು ವ್ಯಾಕರಣ ಪುಸ್ತಕ. ಭಾರತದಲ್ಲಿ ತಲೆಮಾರುಗಳು ಬಳಸಿದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ 1935ರಲ್ಲಿ ಮೊದಲು ಹೊರಬಂತು. ಅದು ಮುಖ್ಯವಾಗಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗೆಂದು ಬರೆದದ್ದು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಆ ಮಕ್ಕಳಿಗೆ ಇಂಗ್ಲಿಷ್ ಬಾಯಲ್ಲೇ ಇತ್ತು. ತಾವು ಆಡುವ ಮಾತಿನ ಭಾಗಗಳಿಗೆ ಹೆಸರು ತಿಳಿದರೆ ಸಾಕಿತ್ತು. ಕಂಡರಿಯದ ಊರಿನ ನಕ್ಷೆ ಹಿಡಿದ ಹಾಗಾಗಿದ್ದು ನಮ್ಮ ಮಕ್ಕಳ ಪಾಡು. ಹೆಸರುಗಳಲ್ಲೂ ತೊಡಕುಂಟು. ಇಂಗ್ಲಿಷಿನ ‘ಫಸ್ಟ್ ಪರ್ಸನ್’ ಎಂದರೆ ‘ನಾನು’. ಕನ್ನಡ ವ್ಯಾಕರಣದ ಪ್ರಥಮ ಪುರುಷ ಎಂದರೆ ‘ಅವನು’. ಎರಡನ್ನೂ ಒಂದೇ ವಾರ ಓದಿದವನಿಗೆ ದೇವರೇ ಗತಿ!

ವಿಚಿತ್ರವೆಂದರೆ, ಇಂಗ್ಲಿಷ್ ವ್ಯಾಕರಣದ ಬೀಗಕ್ಕೆ ಬೇಕಾದ ಕೀಲಿಗಳು ಹಲವು ಸಲ ಕನ್ನಡದಲ್ಲೇ ಇರುತ್ತವೆ. ‘ನಂಗ ಎರಡ ಎಕರೆ ಹೊಲ ಅದ’, ‘ನಂಗ ಇಬ್ಬರು ತಮ್ಮಂದಿರು ಇದ್ದಾರ’, ‘ನಂಗ ಜ್ವರ ಬಂದಾವ’ ಎನ್ನುತ್ತಾರೆ ಇಲ್ಲಿನ ಜನ. ಮೂರರಲ್ಲೂ ಕರ್ತೃ ಹೊಲ, ತಮ್ಮಂದಿರು, ಜ್ವರ. ಹೇಳುವವನು ಚತುರ್ಥಿ ವಿಭಕ್ತಿಯಲ್ಲಿ ಬದಿಗೆ ನಿಂತಿದ್ದಾನೆ. ಇಂಗ್ಲಿಷಿನಲ್ಲಿ ಅವನನ್ನೇ ಎಳೆದು ಮುಂದೆ ನಿಲ್ಲಿಸಿ ‘ಐ ಹ್ಯಾವ್’ ಎನ್ನಬೇಕು. ‘ನಂಗ ಬೇಕು’ ಎಂಬುದು ‘ಐ ವಾಂಟ್’, ‘ನಂಗ ಗೊತ್ತದ’ ಎಂಬುದು ‘ಐ ನೋ’, ‘ನಂಗ ಹಸಿವಾಗೇದ’ ಎಂಬುದು ‘ಐ ಆಮ್ ಹಂಗ್ರಿ’. ಇಂಥ ಕಡೆಯೆಲ್ಲ ‘ನನಗೆ’ ಹೋಗಿ ‘ನಾನು’ ಬರುತ್ತದೆ ಎಂದು ಐದು ನಿಮಿಷ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಐವತ್ತು ಬಿಟ್ಟಸ್ಥಳ ತುಂಬಿಸುವ ಶ್ರಮ ಉಳಿದೀತು.

‘ಎ’ ಮತ್ತು ‘ದ’ಗಳ ಕಾಟವೂ ಅಷ್ಟೆ. ಕನ್ನಡದಲ್ಲಿ ಇವು ಇಲ್ಲವೆಂದು ಹೇಳಿ ಕೈಬಿಡುವುದೇ ರೂಢಿ. ಆದರೆ ‘ಪುಸ್ತಕ ತಂದ’ ಎಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕವನ್ನು ತಂದ’ ಎಂದರೆ ಮೊದಲೇ ಮಾತಿಗೆ ಬಂದಿದ್ದ ಪುಸ್ತಕ ಎಂಬ ಛಾಯೆ ಸೇರುತ್ತದೆ. ‘ಎ ಬುಕ್’, ‘ದ ಬುಕ್’ಗಳ ನಡುವಿನ ಅಂತರ ಇದಕ್ಕೆ ಹತ್ತಿರದ್ದು. ಎಲ್ಲ ಕಡೆಯೂ ಈ ಲೆಕ್ಕ ಹೊಂದದು, ನಿಜ. ಆದರೂ ಶುರು ಮಾಡಲು ಒಂದು ನೆಲೆಯಾಯಿತು.

ಶಬ್ದಭಂಡಾರದ ಕಥೆ ಇನ್ನಷ್ಟು ಸ್ವಾರಸ್ಯದ್ದು. ಮಕ್ಕಳ ಬಾಯಲ್ಲಿ ಆಗಲೇ ನೂರಾರು ಇಂಗ್ಲಿಷ್ ಪದಗಳಿವೆ, ಆದರೆ ಅರ್ಥ ಜಾರಿದೆ. ನಮಗೆ ಕರೆಂಟ್ ಎಂದರೆ ವಿದ್ಯುತ್ತು. ಅವರಿಗೆ ಹೊಳೆಯ ಹರಿವೂ ಹೌದು, ‘ಸದ್ಯದ’ ಎಂಬ ವಿಶೇಷಣವೂ ಹೌದು. ನಮ್ಮ ಕಂಪೌಂಡ್ ಗೋಡೆ, ಅವರದ್ದು ಗೋಡೆಯೊಳಗಿನ ಜಾಗ. ನಮ್ಮ ಹೋಟೆಲಿನಲ್ಲಿ ಊಟ ಸಿಕ್ಕರೆ ಸಾಕು, ಅವರದ್ದರಲ್ಲಿ ಮಲಗಲು ಕೋಣೆ ಬೇಕು. ಇನ್ನು ಎಷ್ಟು ಪದ ಕಲಿಯಬೇಕು ಎಂಬ ಪ್ರಶ್ನೆ. ಬಂಗಾಳದಲ್ಲಿ ಪಾಠ ಹೇಳಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿದ್ದದ್ದು ಅತಿ ಬಳಕೆಯ ಸುಮಾರು 2000 ಪದಗಳು ಮಾತ್ರ. ನಿಘಂಟು ಬಾಯಿಪಾಠ ಮಾಡಹೊರಟವರು ಇದನ್ನು ಗಮನಿಸಬೇಕು.

ವಿವರಣೆ, ಅಭ್ಯಾಸ ಎರಡನ್ನೂ ಬದಿಗಿಟ್ಟು ನೋಡಿದ ಪ್ರಯೋಗವೊಂದು ಕರ್ನಾಟಕದಲ್ಲೇ ನಡೆಯಿತು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಇದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಭಾಷಾಬೋಧಕರ ಲೋಕದಲ್ಲಿ ಹೆಸರಾಗಿದೆ. ಅಲ್ಲಿ ವ್ಯಾಕರಣ ಪಾಠವಿಲ್ಲ, ಬಿಟ್ಟಸ್ಥಳವಿಲ್ಲ. ರೈಲಿನ ವೇಳಾಪಟ್ಟಿ ಅಥವಾ ನಕ್ಷೆ ಕೊಟ್ಟು ಯಾವ ಗಾಡಿ ಹಿಡಿಯಬೇಕು, ಯಾವ ದಾರಿ ಹತ್ತಿರ ಎಂದು ಇಂಗ್ಲಿಷಿನಲ್ಲೇ ಪತ್ತೆ ಹಚ್ಚಿಸುವುದು. ಮೊದಲು ಶಿಕ್ಷಕರು ತರಗತಿಯೊಂದಿಗೆ ಸೇರಿ ಒಂದನ್ನು ಬಿಡಿಸಿ ತೋರಿಸುತ್ತಾರೆ. ಅಂಥದ್ದೇ ಇನ್ನೊಂದನ್ನು ಮಗು ತಾನೇ ಬಿಡಿಸುತ್ತದೆ. ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಿದರೆ ಆ ಕೆಲಸ ಅವರ ಮಟ್ಟಕ್ಕೆ ತಕ್ಕದ್ದು ಎಂಬುದು ಪ್ರಭು ಅವರ ಅಳತೆಗೋಲು. ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ವಾದ.

ಹೊರಗಿನ ತಜ್ಞರು ಬಂದು ಪರೀಕ್ಷಿಸಿದಾಗ ವ್ಯಾಕರಣ ಕಲಿತವರು ವ್ಯಾಕರಣದ ಪ್ರಶ್ನೆಗಳಲ್ಲಿ, ಪ್ರಯೋಗದ ಮಕ್ಕಳು ಪ್ರಯೋಗದಂಥ ಪ್ರಶ್ನೆಗಳಲ್ಲಿ ಮುಂದಿದ್ದರು. ಎರಡಕ್ಕೂ ಸೇರದ ಪರೀಕ್ಷೆಗಳಲ್ಲಿ ಪ್ರಯೋಗದ ಕಡೆಗೆ ತುಸು ಒಲವು ಕಂಡಿತು. ಅಲ್ಲಿನ ಶಿಕ್ಷಕರೇ ಹೆಚ್ಚು ನುರಿತವರಾಗಿದ್ದರೆಂಬ ಆಕ್ಷೇಪವೂ ಬಂತು. ಆ ಜಗಳ ಇನ್ನೂ ಮುಗಿದಿಲ್ಲ. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಇಂಗ್ಲಿಷ್ ಕಿವಿಗೆ ಬೀಳದ ಹಳ್ಳಿಯಲ್ಲಿ ವಿವರಣೆಯನ್ನು ಪೂರ್ತಿ ಬಿಡುವುದು ಕಷ್ಟವೇ. ಚುಟುಕಾಗಿ ಕನ್ನಡದಲ್ಲಿ ಹೇಳಿ ಆಮೇಲೆ ನಿಜವಾದ ಕೆಲಸಕ್ಕೆ ಹಚ್ಚಬಹುದು.

ಅಂಥ ಕೆಲಸ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬಿನ ಗಾಡಿ ತೂಕದ ಕಟ್ಟೆ ಹತ್ತಿ ಇಳಿಯುವಾಗ ಕೇಳುವ ಗ್ರಾಸ್, ಟೇರ್, ನೆಟ್ ಎಂಬ ಮೂರು ಮಾತು ಕಬ್ಬು ಬೆಳೆಯುವ ಮನೆಯ ಮಕ್ಕಳಿಗೆ ಹೊಸದಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರು 24 ಟನ್, ಖಾಲಿಯಾದದ್ದು 8 ಟನ್ ಎಂದು ಬರೆದ ಚೀಟಿ ಕೊಟ್ಟು ಕೇಳಿ ನೋಡಬಹುದು: ‘ಹೌ ಮಚ್ ಡಸ್ ದ ಕೇನ್ ವೇ?’ ಉತ್ತರ, ‘ಇಟ್ ವೇಸ್ ಸಿಕ್ಸ್‌ಟೀನ್ ಟನ್ಸ್.’ ಪ್ರಶ್ನೆಯಲ್ಲಿ ‘ಡಸ್’ ಹೊತ್ತಿದ್ದ ‘ಎಸ್’ ಉತ್ತರದಲ್ಲಿ ‘ವೇ’ಗೆ ವಾಪಸು ಬಂದಿದೆ.